ಚಕಾರದ ಕಾಲು ಮುರಿದಾಗ

ಪ್ರಶ್ನೆ: ಕಲಬುರಗಿಯ ನಮ್ಮ ಬೇಳೆ ಮಿಲ್ಲಿನಲ್ಲಿ ತೊಗರಿ ಒಣಗಿಸುವ ಯಂತ್ರಕ್ಕೆ 128×64 ಚುಕ್ಕಿಗಳ ಪುಟ್ಟ ಪರದೆ ಜೋಡಿಸಿದ್ದೇನೆ. ಇಂಗ್ಲಿಷ್ ಸರಿಯಾಗಿ ಬರುತ್ತದೆ. ಕನ್ನಡ ಫಾಂಟ್ ಹಾಕಿದರೂ ‘ಶಕ್ತಿ’ ಎಂಬುದು ‘ಶಕ್‌ತಿ’ ಆಗುತ್ತದೆ. ಕೆಲಸಗಾರರಿಗೆ ಉರ್ದು, ಹಿಂದಿಯಲ್ಲೂ ಸೂಚನೆ ಬೇಕು. ದೊಡ್ಡ ಪರದೆ ಕೊಳ್ಳಬೇಕೆ?
— ಮಿಲ್ಲಿನ ಎಲೆಕ್ಟ್ರಿಷಿಯನ್

ಉತ್ತರ: ಕೊಳ್ಳಬೇಡಿ. ದೊಡ್ಡ ಪರದೆ ತಂದರೆ ಅದೇ ತಪ್ಪು ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

ಇದು ಫಾಂಟಿನ ದೋಷವಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ‘ಶಕ್ತಿ’ ಎಂದರೆ ಐದು ಸಂಕೇತಗಳ ಸಾಲು: ಶ, ಕ, ಹಲಂತ (ಸ್ವರ ತೆಗೆಯುವ ಗುರುತು), ತ, ಗುಡಿಸು. ಗುಡಿಸು ಸಾಲಿನ ಕೊನೆಯಲ್ಲಿದ್ದರೂ ಪರದೆಯ ಮೇಲೆ ಅದು ಕಕಾರದ ತಲೆಗೇರಬೇಕು, ತಕಾರ ಕೆಳಗಿಳಿದು ಒತ್ತಾಗಬೇಕು. ‘ನಿರ್ವಹಣೆ’ಯಲ್ಲಿ ಮೊದಲು ಬರುವ ರಕಾರ ಅರ್ಕಾವತ್ತಾಗಿ ವಕಾರದ ಬಲಕ್ಕೆ ಹೋಗಿ ನಿಲ್ಲಬೇಕು. ಆಂಡ್ರಾಯ್ಡ್ ಮೊಬೈಲಿನಲ್ಲಿ ಈ ಜೋಡಣೆಯನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ನಿಮ್ಮ ಪರದೆಯ ಲೈಬ್ರರಿಗೆ, ಅಂದರೆ ಪರದೆಯ ಮೇಲೆ ಅಕ್ಷರ ಮೂಡಿಸುವ ಸಿದ್ಧ ತಂತ್ರಾಂಶಕ್ಕೆ, ಅಷ್ಟು ವ್ಯಾಕರಣ ಗೊತ್ತಿಲ್ಲ. ಸಂಕೇತಕ್ಕೊಂದು ಚಿತ್ರ ಇಟ್ಟು ಮುಂದೆ ಹೋಗುತ್ತದೆ. ಉರ್ದುವಿನ ಪಾಡು ಇನ್ನೂ ಕಷ್ಟ: ಬಲದಿಂದ ಎಡಕ್ಕೆ ಸಾಗಬೇಕು, ಪದದ ಮೊದಲು, ನಡು, ಕೊನೆಗಳಲ್ಲಿ ಅಕ್ಷರದ ರೂಪವೇ ಬದಲಾಗುತ್ತದೆ.

ನಾನೂ ಇದರಲ್ಲಿ ಎಡವಿದವನೇ. ತೂಕದ ಯಂತ್ರವೊಂದಕ್ಕೆ ‘ಎಚ್ಚರಿಕೆ’ ಎಂದು ಮೂಡಿಸಿ ಹೆಮ್ಮೆಯಿಂದ ತೋರಿಸಿದಾಗ, ಚೀಲ ಇಳಿಸುತ್ತಿದ್ದ ಹಮಾಲರೊಬ್ಬರು, ‘ಸಾಹೇಬರೇ, ಚಕಾರದ ಕಾಲು ಮುರಿದು ಪಕ್ಕಕ್ಕೆ ಬಿದ್ದಿದೆ’ ಎಂದರು.

ಅಂದಿನಿಂದ ನಾನು ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಲು ಹೋಗುವುದಿಲ್ಲ. ‘ತೇವ ಹೆಚ್ಚಾಗಿದೆ’, ‘ಬಾಗಿಲು ಮುಚ್ಚಿ’ ಎಂಬಂಥ ಮಾತು ಬಿಟ್ಟರೆ ಅದು ಆಡುವುದಾದರೂ ಏನು? ನಲವತ್ತು ಸಾಲು ಎಂದಿಟ್ಟುಕೊಳ್ಳಿ. ಅವನ್ನು ಕಂಪ್ಯೂಟರಿನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟಿನಲ್ಲಿ ಬರೆದು, ಸಾಲಿಗೊಂದು ಕಪ್ಪು ಬಿಳುಪು ಚಿತ್ರ ಮಾಡಿ, ಯಂತ್ರದ ಬೋರ್ಡಿನಲ್ಲಿರುವ, ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಗೆ ತುಂಬಿ. ಎತ್ತರ 24 ಚುಕ್ಕಿ ಇರಲಿ; 16ಕ್ಕೆ ಇಳಿಸಿದರೆ ಒತ್ತು ಮಸಿಯ ಕಲೆಯಂತಾಗುತ್ತದೆ. 128×24 ಚುಕ್ಕಿಯ ಸಾಲಿಗೆ 384 ಬೈಟ್. ಮೂರು ಭಾಷೆಯ 120 ಸಾಲಿಗೆ 45 ಕಿಲೋಬೈಟ್. ಆರ್ಡುಯಿನೊ ಉನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ 32 ಕಿಲೋಬೈಟಿನಲ್ಲಿ ಇದು ಹಿಡಿಯದು. 4 ಮೆಗಾಬೈಟ್ ಫ್ಲ್ಯಾಶ್ ಇರುವ ಇಎಸ್‌ಪಿ32 ಬೋರ್ಡಿನಲ್ಲಿ ಒಂದು ಮೂಲೆ ಸಾಕು.

ಬದಲಾಗುವ ಅಂಕಿಗಳನ್ನು ಮಾತ್ರ ಬಿಡಿಯಾಗಿ ಮೂಡಿಸಿ. ಉರ್ದುವಿನಲ್ಲೂ ಅಂಕಿಗಳನ್ನು ಎಡದಿಂದ ಬಲಕ್ಕೇ ಓದುತ್ತಾರೆ, ಆದರೆ ‘ತೇವ 12’ ಎಂಬಲ್ಲಿ 12ರ ಜಾಗ ಸಾಲಿನ ಎಡಗಡೆ. ಆಯ್ದ ಭಾಷೆ ಕರೆಂಟ್ ಹೋಗಿ ಬಂದರೂ ಅಳಿಯದಂತೆ ಉಳಿಸಿಡಿ. ಉರ್ದು ಸಾಲುಗಳನ್ನು ಮಿಲ್ಲಿನಲ್ಲಿ ಓದಬಲ್ಲವರಿಗೆ ಮೊದಲೇ ತೋರಿಸಿ. ತಿರುಗುಮುರುಗಾಗಿದ್ದರೆ ನಿಮಗೂ ನನಗೂ ತಿಳಿಯುವುದಿಲ್ಲ.

ನಾಳೆ ಮಾಲೀಕರು ಪರದೆಯಲ್ಲಿ ರೈತರ ಹೆಸರೂ ಬರಲಿ ಎಂದರೆ ಈ ಉಪಾಯ ನಡೆಯದು. ಎಲ್ಲರ ಹೆಸರನ್ನೂ ಮುಂಚೆಯೇ ಚಿತ್ರ ಮಾಡಿಡಲಾದೀತೇ? ಆಗ ಹಾರ್ಫ್‌ಬಜ್ ಓಡಿಸಬಲ್ಲ ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ದುಡ್ಡು ಕೇಳಿ.