ನೆಲದಡಿ ಮೆಟ್ರೊಗೆ ಹೆದರೋ ಅವ್ವನ್ನ ಹ್ಯಾಂಗ ಕರ್ಕೊಂಡು ಹೋಗ್ಬೇಕು?

ನಿಮ್ಮ ಅವ್ವ ಲಿಫ್ಟ್ ಸುದ್ದಾ ಹತ್ತಲ್ಲ, ಮುಂದಿನ ತಿಂಗಳ ಬೆಂಗಳೂರಾಗ ಆಸ್ಪತ್ರಿಗಿ ತೋರಿಸ್ಬೇಕು, ಮೆಟ್ರೊ ಭೂಮಿ ಒಳಗಿಂದ ಹೋಗ್ತದ ಅಂತ ಕೇಳಿ ಬರೋದೇ ಇಲ್ಲ ಅಂತ ಕುಂತಾಳ, ಏನ್ ಮಾಡ್ಲಿ ಅಂತ ಕೇಳೀರಿ. ನಾನು ಡಾಕ್ಟರ್ ಅಲ್ರಿ, ಕಲಬುರಗಿಯವ, ನಮ್ಮ ಕಾಕುಗೂ ಇದೇ ಇತ್ತು, ಆಕಿ ಕೂಡ ಮೂರು ಸಲ ಹೋಗಿ ಬಂದೀನಿ, ಮೊದಲನೇ ಸಲ ಪೂರಾ ಕೆಡಿಸಿದ್ದು ನಾನೇ.

ಆವತ್ತು ಬೈಯಪ್ಪನಹಳ್ಳಿ ಕಡಿಂದ ಹತ್ತಿದ್ವಿ. ಎಂಜಿ ರೋಡ್ ತನ ಮೆಟ್ರೊ ಮ್ಯಾಲೇ ಹೋಗ್ತದಲ್ಲ, ಕಿಟಕಿ ಹೊರಗ ನೋಡ್ಕೋತ ಆರಾಮ ಇದ್ಲು, ಆಮ್ಯಾಲ ಟ್ರೇನ್ ಕೆಳಗ ಇಳಿದು ಸುರಂಗ ಹೊಕ್ಕ ಕೂಡ್ಲೇ ಗಾಜು ಕರ್ರಗಾಗಿ ತನ್ನ ಮುಖ ತನಗೇ ಕಂಡ್ತು, ಅಷ್ಟೇ, ನನ್ನ ಮುಂಗೈ ಎಷ್ಟು ಗಟ್ಟಿ ಹಿಡದ್ಲು ಅಂದ್ರ ಆಕಿ ಗಾಜಿನ ಬಳಿ ಒತ್ತಿ ಚರ್ಮದ ಮ್ಯಾಲ ಗೆರಿ ಮೂಡಿದ್ವು. ನಾನು ಶಾಣ್ಯಾ ಆಗಿ "ಏನೂ ಆಗಲ್ಲ ಕಾಕು, ಸುಮ್ಕ ಕೂಡು, ಮಂದಿ ನೋಡ್ಲಕತ್ತಾರ" ಅಂದೆ. ಅದನ್ನ ಕೇಳಿ ಇನ್ನಾ ಜಾಸ್ತಿ ಆಯ್ತು. ಈ ಮಾತೊಂದು ನೀವು ಅನಬ್ಯಾಡ್ರಿ.

ಯಾಕಂದ್ರ ಆಕಿಗಿ ಕತ್ತಲಿದು ಅಂಜಿಕಿ ಇರ್ಲಿಲ್ಲ, ಹೊರಗ ಬರ್ಲಕ ದಾರಿ ಇಲ್ಲ ಅನ್ನೋದೇ ಅಂಜಿಕಿ. ಇದು ನನಗ ಆಮ್ಯಾಲ ತಿಳೀತು. ಅದಕ್ಕ ಎರಡನೇ ಸಲ ಮನ್ಯಾಗೇ ಕುಂದ್ರಿಸಿ ಪೂರಾ ದಾರಿ ಹೇಳಿದೆ. ನೇರಳೆ ಮಾರ್ಗದಾಗ ನೆಲದಡಿ ಇರೋವು ಐದೇ ಸ್ಟೇಷನ್, ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜ್, ಮೆಜೆಸ್ಟಿಕ್, ಸಿಟಿ ರೈಲ್ವೆ ಸ್ಟೇಷನ್, ಮಾಗಡಿ ರೋಡ್ ಬಂತಂದ್ರ ಮತ್ತ ಬೆಳಕು. ಹಸಿರು ಮಾರ್ಗದಾಗ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ಮುಗೀತು. ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕ ಎರಡು ನಿಮಿಷದ ಆಸುಪಾಸು, ಪ್ರತಿ ಸ್ಟೇಷನ್‌ನಾಗೂ ಬಾಗಲಾ ತೆಗೀತದ, ನೀ ಎಲ್ಲಿ ಇಳೀತೀನಿ ಅಂತಿ ಅಲ್ಲೇ ಇಳಿಯೋಣು, ಯಾಕಂತ ಕೇಳಲ್ಲ ಅಂತ ಮಾತು ಕೊಟ್ಟೆ. ಸುರಂಗದಾಗ ಗಾಳಿ ಆಡ್ಲಿ ಅಂತ ದೊಡ್ಡ ಫ್ಯಾನ್ ಇರ್ತಾವ, ಬೋಗಿಯಾಗ ಡ್ರೈವರ್ ಕೂಡ ಮಾತಾಡೋ ಬಟನ್ ಇರ್ತದ ಅಂತನೂ ಹೇಳಿದೆ, ಹತ್ತಿದ ಮ್ಯಾಲ ಬೆರಳಿಟ್ಟು ತೋರಿಸಿದೆ.

ಇನ್ನೊಂದು ಉಪಾಯ ನಮ್ಮ ಊರಾಗೇ ಅದ. 2017ರಾಗ ಬೀದರ್-ಕಲಬುರಗಿ ಲೈನ್ ಚಾಲೂ ಆಯ್ತಲ್ರಿ, ಅದ್ರಾಗ ಕಮಲಾಪುರ ಹತ್ರ ಮರಗುತ್ತಿ ಸುರಂಗ ಬರ್ತದ, ಒಂದೂವರಿ ಕಿಲೋಮೀಟರ್‌ಗಿಂತ ಉದ್ದ. ಬೀದರಿಗಿ ಹೋಗೋ ನೆವದಾಗ ಆಕಿನ್ನ ಅದ್ರಾಗ ಕರ್ಕೊಂಡು ಹೋದೆ, ಕಮಲಾಪುರ ಕೆಂಬಾಳಿಹಣ್ಣು ತಿನ್ಕೋತ ಕುಂತಿದ್ಲು, ಸುರಂಗ ಬರೋಕಿಂತ ಮೊದಲೇ ಹೇಳಿದೆ, ಒಂದು ಎರಡು ಅಂತ ಎಣಿಸ್ಲಕತ್ಲು, ನೂರಾ ಎಷ್ಟಕ್ಕೋ ಬೆಳಕು ಬಂತು. ವಾಪಸ್ ಬರೋವಾಗ ಎಣಿಸೋದು ಮರ್ತು ಬಾಜೂದವಳ ಕೂಡ ಹರಟಿ ಹೊಡೀಲಕತ್ತಿದ್ಲು. ಹೈದರಾಬಾದ್‌ಗಿ ಹೋಗೋದಿದ್ರ ಅಲ್ಲಿ ಮೆಟ್ರೊದಾಗೂ ಒಂದು ರೌಂಡ್ ಹೊಡಿಸ್ರಿ, ಈಗಿರೋ ಮೂರೂ ಲೈನ್ ಕಂಬದ ಮ್ಯಾಲೇ ಓಡ್ತಾವ, ಮುಚ್ಚಿದ ಬೋಗಿ ರೂಢಿ ಆಗ್ತದ. ಆದ್ರ ಒತ್ತಾಯ ಮಾಡಿ, ಸುಳ್ಳು ಹೇಳಿ ಹತ್ತಿಸಬ್ಯಾಡ್ರಿ, ಒಮ್ಮಿ ನಂಬಿಕಿ ಹೋಯ್ತಂದ್ರ ಮುಗೀತು.

ಉಸಿರಿನ ವಿಷಯ. ಗಾಬರಿ ಆದಾಗ ಗಾಳಿ ಸಾಲವಲ್ದು ಅಂತ ದಬದಬ ಎಳ್ಕೊಂತಾರ, ಖರೆ ಅಂದ್ರ ಗಾಳಿ ಜಾಸ್ತಿ ಆಗಿರ್ತದ, ರಕ್ತದಾಗಿನ ಕಾರ್ಬನ್ ಡೈಆಕ್ಸೈಡ್ ಇಳಿದು ತಲಿ ತಿರುಗ್ತದ, ಬೆರಳು ಜುಮುಜುಮು ಅಂತಾವ. "ಉಸಿರು ತಗೋ" ಅನ್ನೋ ಬದಲಿ "ಉಸಿರು ಬಿಡು" ಅನ್ರಿ. ನಾನು ಕಾಕುಗ ಬಸಿಯಾಗಿನ ಬಿಸಿ ಚಾ ಊದಿದಂಗ ಮೆಲ್ಲಕ ಊದು ಅಂದಿದ್ದೆ, ಥಟ್ಟಂತ ತಿಳೀತು ಆಕಿಗಿ. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗ ಏರಿ ಆಮ್ಯಾಲ ತಾನೇ ಇಳೀತದ. ಆದ್ರ ಹಾರ್ಟ್ ತ್ರಾಸ ಇದ್ರ, ಎದಿ ನೋವು ಬಂದ್ರ, ಇದೂ ಅಂಜಿಕೀನೇ ಅಂತ ಕೂಡಬ್ಯಾಡ್ರಿ, ಸ್ಟೇಷನ್ ಬಂದ ಕೂಡ್ಲೇ ಇಳಿದು ಸಿಬ್ಬಂದಿಗಿ ಹೇಳ್ರಿ. ಹಗಲೆಲ್ಲಾ ಇದೇ ಚಿಂತಿ, ನಿದ್ದಿ ಇಲ್ಲ ಅಂದ್ರ ಮನೋವೈದ್ಯರಿಗಿ ತೋರಿಸ್ರಿ, 14416ಕ್ಕ ಫೋನ್ ಹಚ್ಚಿದ್ರ ಸರ್ಕಾರದ ಟೆಲಿ ಮಾನಸ್‌ದವರು ಕನ್ನಡದಾಗೇ ಮಾತಾಡ್ತಾರ, ರೊಕ್ಕ ಇಲ್ಲ.

ಹೋಗೋ ದಿನ ಆಫೀಸ್ ಟೈಮ್ ಬಿಟ್ಟು ಮಧ್ಯಾಹ್ನ ಹೋಗ್ರಿ, ಗದ್ದಲ ಇದ್ರ ಒಂದು ಗಾಡಿ ಬಿಟ್ಟು ಮುಂದಿಂದು ಹಿಡೀರಿ, ಬಾಗಲಾ ಹತ್ರ ನಿಲ್ರಿ. ಕಲಬುರಗಿ ವಂದೇ ಭಾರತ್‌ದಾಗ ಹೋದ್ರ ಬೈಯಪ್ಪನಹಳ್ಳಿ ಕಡೀನೇ ಇಳೀತೀರಿ, ಅಲ್ಲಿಂದ ವೈಟ್‌ಫೀಲ್ಡ್ ದಿಕ್ಕಿಗಿ ಆಸ್ಪತ್ರಿ ಇದ್ರ ಸುರಂಗಾನೇ ಬರಲ್ಲ. ಮೆಜೆಸ್ಟಿಕ್ ಕಡಿ ಹೋಗೋದಿದ್ದು ಅವತ್ತು ಅವ್ವಗ ಮನಸ್ಸೇ ಇಲ್ಲ ಅಂದ್ರ ಎಂಜಿ ರೋಡ್‌ನಾಗ ಇಳಿದು ಆಟೊ ಮಾಡ್ರಿ, ಅದ್ರಾಗ ಸೋಲೇನಿಲ್ಲ.

ಕಾಕು ಮೂರನೇ ಸಲ ಮೆಜೆಸ್ಟಿಕ್ ತನ ಬಂದ್ಲು, ವಿಧಾನಸೌಧ ಬಂದಾಗ "ಮ್ಯಾಲ ಮಂತ್ರಿಗೋಳು ಕುಂತಿರ್ತಾರೇನು" ಅಂತ ಕೇಳಿದ್ಲು. ಲಿಫ್ಟ್ ಮಾತ್ರ ಇನ್ನಾ ಹತ್ತಲ್ಲ, ಮೆಜೆಸ್ಟಿಕ್‌ನಾಗ ಅಷ್ಟೂ ಮೆಟ್ಲಾ ಹತ್ತಿಸಿದ್ಲು ನನಗ.