ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನಲ್ಲಿ ಹಾಕಿದ ಒಂದು ಗಂಟೆಯ ಪಾಠದ ವಿಡಿಯೊ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಶುರುವಾಗುವುದೇ ಇಲ್ಲ. ದೊಡ್ಡ ಸರ್ವರ್ ತಗೊಳ್ಳಬೇಕಾ?

ಬೇಡ. ದುಡ್ಡು ಸುರಿಯುವ ಮುಂಚೆ ಆ ಫೈಲನ್ನು ನೋಡಿ. ನಮ್ಮಲ್ಲೂ ಹೀಗೇ ಚಕ್ರ ಸುತ್ತುತ್ತಾ ಕೂತಿತ್ತು, ಎಲ್ಲರೂ ಸರ್ವರನ್ನೇ ಬೈದಿದ್ದೆವು. ತೊಂದರೆ ಇದ್ದದ್ದು ಫೈಲಿನ ಬಾಲದಲ್ಲಿ.

ಎಂಪಿ4 ಫೈಲಿನೊಳಗೆ ‘ಮೂವ್’ ಅನ್ನುವ ಭಾಗ ಇರುತ್ತದೆ. ಯಾವ ಫ್ರೇಮ್ ಎಲ್ಲಿದೆ, ಅದರ ಧ್ವನಿ ಎಲ್ಲಿದೆ ಅನ್ನುವ ಪಟ್ಟಿ ಅದು, ಪುಸ್ತಕದ ಪರಿವಿಡಿಯ ಹಾಗೆ. ರೆಕಾರ್ಡಿಂಗ್ ಮುಗಿಯುವವರೆಗೆ ಆ ಪಟ್ಟಿ ಪೂರ್ತಿಯಾಗುವುದಿಲ್ಲವಲ್ಲ, ಅದಕ್ಕೇ ಕ್ಯಾಮೆರಾಗಳು ಅದನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತವೆ. ಪಟ್ಟಿ ಕೈಗೆ ಸಿಗದೆ ಬ್ರೌಸರ್ ಏನನ್ನೂ ತೋರಿಸಲಾರದು. ಸರ್ವರ್ ಫೈಲನ್ನು ತುಂಡುತುಂಡಾಗಿ ಕೊಟ್ಟರೆ (ಸರ್ವರಿನ ಉತ್ತರದ ಸಂಕೇತ 206, ಅಂದರೆ ‘ಒಂದು ಭಾಗ’, ಬರಬೇಕು; ಇಡೀ ಫೈಲನ್ನು ಕೊಡುವ 200 ಅಲ್ಲ) ಬ್ರೌಸರ್ ನೇರ ಬಾಲಕ್ಕೆ ಹೋಗಿ ಪಟ್ಟಿ ತಂದುಕೊಳ್ಳುತ್ತದೆ. ಕೊಡದಿದ್ದರೆ ಇಡೀ ಫೈಲ್ ಇಳಿಯಬೇಕು. ಸೆಕೆಂಡಿಗೆ 5 ಮೆಗಾಬಿಟ್‌ನಂತೆ (ಎಂಬಿಪಿಎಸ್) ರೆಕಾರ್ಡಾದ ಒಂದು ಗಂಟೆ ಎಂದರೆ ಸುಮಾರು 2.25 ಜಿಬಿ! ಯಾವ ಹುಡುಗ ಕಾಯುತ್ತಾನೆ?

ಪರಿಹಾರ ಸುಲಭ, ಪಟ್ಟಿಯನ್ನು ಫೈಲಿನ ಮೊದಲಿಗೆ ತಂದರಾಯಿತು. ವಿಡಿಯೊ ಬದಲಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ‘ವೆಬ್ ಆಪ್ಟಿಮೈಸ್ಡ್’ ಗುರುತು ಹಾಕಿ. ಕಮಾಂಡ್ ಬರೆದು ಅದೇ ಕೆಲಸ ಮಾಡಿಸುವ ಎಫ್‌ಎಫ್‌ಎಂಪೆಗ್ ಬಲ್ಲವರು ‘ಫಾಸ್ಟ್‌ಸ್ಟಾರ್ಟ್’ ಆಯ್ಕೆ ಕೊಟ್ಟು, ಚಿತ್ರ-ಧ್ವನಿಗಳನ್ನು ‘ಕಾಪಿ’ಗೆ (ಬದಲಿಸದೆ ಹಾಗೇ ನಕಲು) ಬಿಟ್ಟರೆ ಗುಣಮಟ್ಟ ಕೆಡದೆ ಬೇಗ ಮುಗಿಯುತ್ತದೆ. ಐಫೋನಿನ ಎಚ್‌ಇವಿಸಿ (ಚಿತ್ರವನ್ನು ಕುಗ್ಗಿಸುವ ಒಂದು ವಿಧಾನ) ಫೈಲಾದರೆ ಕಾಪಿ ಸಾಲದು, ಚಿತ್ರವನ್ನು ಎಚ್.264ಕ್ಕೆ, ಧ್ವನಿಯನ್ನು ಎಎಸಿಗೆ ಬದಲಿಸಲೇಬೇಕು. ಇಲ್ಲವೆಂದರೆ ಕೆಲವು ಕಡೆ ಧ್ವನಿ ಮಾತ್ರ ಕೇಳಿ ಪರದೆ ಕಪ್ಪಾಗಿರುತ್ತದೆ.

ಅದಿರಲಿ, ಒಂದು ಗಂಟೆಯ ವಿಡಿಯೊ ಯಾಕೆ ಬೇಕು? ಸ್ಲೈಡ್ ಓದಿ ವಿವರಿಸುವ ಪಾಠಕ್ಕೆ ಸ್ಲೈಡಿನ ಪಿಡಿಎಫ್ ಮತ್ತು ಆಡಿಯೊ ಸಾಕು. 64 ಕೆಬಿಪಿಎಸ್ ಮೊನೊ ಎಂಪಿ3 ಆದರೆ ಗಂಟೆಗೆ 29 ಎಂಬಿ ಅಷ್ಟೆ. ಬೋರ್ಡಿನ ಲೆಕ್ಕ, ಪ್ರಯೋಗಾಲಯದ ಕೆಲಸಕ್ಕೆ ಮಾತ್ರ ವಿಡಿಯೊ ಇಡಿ: 720ಪಿ, ಒಟ್ಟು 800 ಕೆಬಿಪಿಎಸ್ ಆಸುಪಾಸು, ಹತ್ತು ನಿಮಿಷದ ತುಂಡುಗಳು. ತುಂಡಿಗೆ 60 ಎಂಬಿ ಬರುತ್ತದೆ.

ಅಪ್‌ಲೋಡೇ ಆಗದಿದ್ದರೆ ಮೂಡಲ್ ಅನ್ನು ಬರೆದಿರುವ ಭಾಷೆ ಪಿಎಚ್‌ಪಿಯ ಮಿತಿ ನೋಡಿ. ಏನೂ ಬದಲಿಸದಿದ್ದರೆ ಒಂದು ಫೈಲಿಗೆ 2 ಎಂಬಿ, ಒಮ್ಮೆಗೆ ಕಳಿಸುವ ಇಡೀ ಪೋಸ್ಟಿಗೆ 8 ಎಂಬಿ. ಎರಡನ್ನೂ ಏರಿಸಬೇಕು, ಪೋಸ್ಟಿನದು ಯಾವಾಗಲೂ ಹೆಚ್ಚಿರಲಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಇದ್ದರೆ ಅದರದೇ 1 ಎಂಬಿ ಮಿತಿ ಬೇರೆ. 413 ಅಂತ (ಕಳಿಸಿದ್ದು ತೀರಾ ದೊಡ್ಡದು ಅನ್ನುವ ದೋಷ) ಬಂದರೆ ಅಲ್ಲಿ ಹುಡುಕಿ. ಆಮೇಲೆ ಮೂಡಲ್‌ನ ಸೈಟ್ ಮಿತಿ, ಕೋರ್ಸ್ ಮಿತಿ.

ಗುಟ್ಟಿನದೇನೂ ಇಲ್ಲದ ಪಾಠವನ್ನು ನಾನಂತೂ ಯೂಟ್ಯೂಬಿನಲ್ಲೇ ‘ಅನ್‌ಲಿಸ್ಟೆಡ್’ (ಹುಡುಕಿದರೆ ಸಿಗದ ಹಾಗೆ) ಇಟ್ಟು ಮೂಡಲ್ ಪುಟದೊಳಗೆ ಎಂಬೆಡ್ ಮಾಡುತ್ತೇನೆ. ನೆಟ್‌ವರ್ಕ್ ನೋಡಿ ಗುಣಮಟ್ಟ ಅದೇ ಇಳಿಸಿಕೊಳ್ಳುತ್ತದೆ, ನಿಮ್ಮ ಕೋರ್ಸ್ ಬ್ಯಾಕಪ್ ಕೂಡ ಊದಿಕೊಳ್ಳುವುದಿಲ್ಲ. ಆದರೆ ಅದು ಬೀಗವಲ್ಲ, ಲಿಂಕ್ ಸಿಕ್ಕವರೆಲ್ಲ ನೋಡಬಹುದು.

ಕನ್ನಡ ಸಬ್‌ಟೈಟಲ್ ಹಾಕುವುದಾದರೆ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ, ಪರದೆಯ ಮೇಲೆ ಬರೀ ಗೊಜಲು ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಸಬ್‌ಟೈಟಲ್ ಇರುವ ವಿಟಿಟಿ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ.