ಸ್ತನದಲ್ಲಿ ಗಂಟೇ ಇಲ್ಲದ ಅಮ್ಮನಿಗೆ ಮ್ಯಾಮೊಗ್ರಾಮ್, ಗಂಟಿರುವ ತಂಗಿಗೆ ಬರೀ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್). ಉಲ್ಟಾ ಅಲ್ವಾ ಅಂತ ಕೇಳಿದ್ದೀರಿ.

ಮುಳಬಾಗಿಲಿನಲ್ಲಿರುವ ನಿಮ್ಮ ಅಮ್ಮನಿಗೆ 52, ತಂಗಿಗೆ 31 ಅಂತ ಬರೆದಿದ್ದೀರಿ. ಡಾಕ್ಟರು ಸರಿಯಾಗೇ ಹೇಳಿದ್ದಾರೆ.

ಕೈಗೆ ಸಿಗುವ ಹೊತ್ತಿಗೆ ಗಂಟು ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಬೆಳೆದಿರುತ್ತದೆ. ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ. ಅದು ಎಷ್ಟೋ ಸಲ ಗಂಟು ಕೈಗೆ ಸಿಗುವ ಮೊದಲೇ ಕ್ಯಾನ್ಸರ್‌ನ ಸುಳಿವು ಕೊಡುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಚುಕ್ಕೆಗಳು ಕಾಣುತ್ತವೆ, ರಾಗಿ ಕಾಳಿಗಿಂತ ಸಣ್ಣವು, ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಇದ್ದರೆ ಹೆಚ್ಚಾಗಿ ತೊಂದರೆ ಇಲ್ಲ. ಒಂದೇ ಕಡೆ ಗುಂಪುಗಟ್ಟಿದ್ದರೆ, ಗೆರೆ ಎಳೆದ ಹಾಗಿದ್ದರೆ ಬಿಡದೆ ಪರೀಕ್ಷೆ ಮಾಡುತ್ತಾರೆ.

ಚಿಕ್ಕ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುತ್ತದೆ. ಎಕ್ಸ್‌ರೇಯಲ್ಲಿ ಅದೂ ಬಿಳಿ, ಗಂಟೂ ಬಿಳಿ. ಹಾಲಿನಲ್ಲಿ ಸುಣ್ಣ ಹುಡುಕಿದ ಹಾಗೆ. ಅಲ್ಟ್ರಾಸೌಂಡ್‌ನಲ್ಲಾದರೆ ನೀರುಗುಳ್ಳೆಯೋ ಗಟ್ಟಿ ಗಂಟೋ ಗೊತ್ತಾಗುತ್ತದೆ. ಅದಕ್ಕೇ ತಂಗಿಗೆ ಮೊದಲು ಅದು. ದಯವಿಟ್ಟು ಅದನ್ನು ಮುಂದೂಡಬೇಡಿ.

ಅಮ್ಮನಿಗೆ ಮೊದಲೇ ಹೇಳಿಡಿ: ಎರಡು ತಟ್ಟೆಗಳ ನಡುವೆ ಗಟ್ಟಿಯಾಗಿ ಒತ್ತುತ್ತಾರೆ, ಕೆಲವೇ ಸೆಕೆಂಡು. ನೋವಾಗಬಹುದು. ಆದರೆ ಒತ್ತಿದರೇ ಚಿತ್ರ ಸ್ಪಷ್ಟ, ವಿಕಿರಣವೂ ಕಡಿಮೆ ಸಾಕು. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ. ಅದರ ಕಣಗಳೂ ಫಿಲ್ಮಿನಲ್ಲಿ ಚುಕ್ಕೆಯಂತೆಯೇ ಕಾಣಬಹುದು!

ರಿಪೋರ್ಟಿನಲ್ಲಿ ಬೈರಾಡ್ಸ್ ಅಂತ ಒಂದು ಅಂಕಿ ಇರುತ್ತದೆ, ಚಿತ್ರದಲ್ಲಿ ಕಂಡದ್ದು ಎಷ್ಟು ಅನುಮಾನದ್ದು ಅಂತ ಹೇಳುವುದು. 'ಬೈರಾಡ್ಸ್ 0' ಅಂತಿದ್ದರೆ ಇನ್ನಷ್ಟು ಚಿತ್ರ ಬೇಕು ಅಂತ ಅರ್ಥ. 4 ಅಂದರೆ ಅನುಮಾನವಿದೆ ಅಂತ, ಕ್ಯಾನ್ಸರ್ ಖಚಿತ ಅಂತಲ್ಲ. ಅದನ್ನು ಬಯಾಪ್ಸಿಯೇ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆಯೇ ಹೇಳಬೇಕು. ಮ್ಯಾಮೊಗ್ರಾಮ್ ಕೋಲಾರದಲ್ಲಿ ತೆಗೆಸಿ ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಬರೀ ರಿಪೋರ್ಟ್ ಸಾಲದು, ಫಿಲ್ಮು ಅಥವಾ ಸಿಡಿಯನ್ನೂ ಒಯ್ಯಿರಿ.